ನಮಾಜು: ಐದು ಹೊತ್ತಿನ ಆರಾಧನೆಯ ಅಂತರಂಗ

ಹತ್ತನೆಯ ಶತಮಾನದ ಆದಿಭಾಗದಲ್ಲಿ ನಮ್ಮ ದೇಶದ ಪಶ್ಚಿಮ ಕರಾವಳಿಗೆ ಬಂದಿದ್ದ ಅರಬ್ ಪ್ರವಾಸಿ ಅಲ್ ಮಸೂದಿಯು ‘ಮುರೂಜ್ ಅಲ್ ಜಹಬ್’ ಎಂಬ ತನ್ನ ಗ್ರಂಥದಲ್ಲಿ ‘ಬಲ್ಹರಾ’ ಎಂಬ ಅರಸನನ್ನು ಬಹುವಾಗಿ ಕೊಂಡಾಡಿದ್ದಾನೆ. ಬಲ್ಹರಾ ಎಂಬುದು ‘ವಲ್ಲಭರಾಜ’ ಎಂಬ ರಾಷ್ಟ್ರಕೂಟ ಬಿರುದಿನ ಅರಬ್ಬೀ ರೂಪ. ಆತನ ರಾಜಧಾನಿಯೆಂದು ಅರಬರು ಹೆಸರಿಸಿರುವ ‘ಮಾನ್‌ಕೀರ್’ ಬೇರೆ ಯಾವುದೂ ಅಲ್ಲ. ಕಾಗಿಣೆಯ ದಂಡೆಯ ಮಾನ್ಯಖೇಟ, ಎಂದರೆ ಇಂದಿನ ಸೇಡಂ ತಾಲ್ಲೂಕಿನ ಮಳಖೇಡ. ಆ ಅರಸನ ರಾಜ್ಯದಲ್ಲಿ ಮುಸಲ್ಮಾನರಿಗೆ ಗೌರವವೂ ರಕ್ಷಣೆಯೂ ಉಂಟೆಂದೂ, ಅಲ್ಲಿ ದಿನಕ್ಕೆ ಐದು ಬಾರಿ ಪ್ರಾರ್ಥನೆ ನಡೆಯುವ ಮಸೀದಿಗಳಿವೆಯೆಂದೂ ಮಸೂದಿ ಬರೆಯುತ್ತಾನೆ. ಆ ಮಸೀದಿಗಳು ಹೆಚ್ಚಾಗಿ ಕೊಂಕಣದ ಬಂದರುಗಳಲ್ಲಿದ್ದುವೆಂಬುದು ನಿಜ. ಆದರೂ ‘ಕವಿರಾಜಮಾರ್ಗ’ವು ಹುಟ್ಟಿದ ಆಸ್ಥಾನದ ಆಳ್ವಿಕೆಯಲ್ಲಿ ಐದು ಹೊತ್ತಿನ ನಮಾಜು ನಡೆಯುತ್ತಿತ್ತೆಂಬ ಸಂಗತಿ ಕನ್ನಡ ಸಾಹಿತ್ಯದ ವಿದ್ಯಾರ್ಥಿಗಳಿಗೆ ಆಸಕ್ತಿಕರವಾದುದು. ಅದೇ ಕಾಲದ, ಕ್ರಿ.ಶ. 926ರ ಚಿಂಚಣಿ ತಾಮ್ರಪಟವನ್ನೂ ಇಲ್ಲಿ ನೆನೆಯಬಹುದು. ರಾಷ್ಟ್ರಕೂಟ ಮೂರನೆಯ ಇಂದ್ರನ ಅಧೀನನಾಗಿ ಸಂಜಾಣವನ್ನು ಆಳುತ್ತಿದ್ದ ಮಧುಮತಿಯೆಂಬ ತಾಜಿಕ ಅಧಿಕಾರಿಯು (ಮಧುಮತಿ ಎಂಬುದು ಮುಹಮ್ಮದ್ ಎಂಬ ಹೆಸರಿನ ಸಂಸ್ಕೃತ ರೂಪ) ದೇವಿಯ ಮಠಿಕೆಯೊಂದಕ್ಕೆ ಭೂದಾನ ನೀಡಿದುದನ್ನು ಆ ಶಾಸನ ತಿಳಿಸುತ್ತದೆ.

ಹೀಗೆ ಸಾವಿರ ವರ್ಷಗಳ ಪರಿಚಯವಿದ್ದರೂ, ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ, ಚಿಂಚೋಳಿಗಳ ನಾವು ಪ್ರತಿದಿನವೂ ಬಾಂಗು ಕೇಳುತ್ತೇವೆಯೇ ಹೊರತು ಅದರ ಒಳಗಿನ ಮಾತೇನು, ಅದನ್ನು ಕೇಳಿ ಎದ್ದು ಹೋಗುವವನ ಮನಸ್ಸಿನಲ್ಲಿ ಏನು ನಡೆಯುತ್ತದೆ ಎಂಬುದನ್ನು ವಿಚಾರಿಸಿದವರು ವಿರಳ. ತಿಳಿಯದುದರ ಬಗ್ಗೆ ಅಸಡ್ಡೆಯಾಗಲಿ ಅನುಮಾನವಾಗಲಿ ಬೆಳೆಯುವುದು ಸುಲಭ. ನೆರೆಯವನ ನಿತ್ಯಾರಾಧನೆಯನ್ನು ಅದರದೇ ಮಾತಿನಲ್ಲಿ ಅರಿಯುವ ಪ್ರಯತ್ನ ಈ ಲೇಖನದ್ದು.

ಮೊದಲು ಶಬ್ದವಿಚಾರ. ಈ ಆರಾಧನೆಗೆ ಅರಬ್ಬಿಯಲ್ಲಿ ‘ಸಲಾತ್’ ಎಂದು ಹೆಸರು. ನಾವು ಬಳಸುವ ‘ನಮಾಜ್’ ಪಾರಸೀ ಶಬ್ದ. ಪ್ರಾಚೀನ ಇರಾನಿನ ಭಾಷೆಯಿಂದ ಇಳಿದುಬಂದ ಈ ಪದವೂ ಸಂಸ್ಕೃತದ ‘ನಮಸ್’ ಎಂಬುದೂ ಒಂದೇ ಮೂಲದವು. ಬಾಗುವುದು ಎಂಬುದೇ ಎರಡರ ಅರ್ಥ. ‘ನಮಃಶಿವಾಯ’ ಎನ್ನುವಾಗ ನಮ್ಮ ನಾಲಗೆಯ ಮೇಲೆ ಬರುವ ಮೊದಲ ಪದವೂ ನೆರೆಯವನ ನಮಾಜೂ ಒಡಹುಟ್ಟಿದ ಮಾತುಗಳೆಂಬುದು ಭಾಷಾಶಾಸ್ತ್ರವು ತೋರಿಸಿಕೊಟ್ಟ ಸತ್ಯ. ಇದರಿಂದ ಎರಡು ಧರ್ಮಗಳ ತತ್ತ್ವ ಒಂದೇ ಎಂದು ಸಾಧಿಸಹೊರಡುವುದು ಅವಸರದ ಕೆಲಸವಾದೀತು. ಕರಸ್ಥಲದಲ್ಲಿ ಇಷ್ಟಲಿಂಗವನ್ನಿರಿಸಿ ನಿರೀಕ್ಷಿಸುವ ಭಕ್ತನ ದಾರಿಗೂ, ಯಾವ ಕುರುಹೂ ಇಲ್ಲದ ದೇವನಿಗೆ ಬರಿಯ ದಿಕ್ಕೊಂದನ್ನು ಹಿಡಿದು ಬಾಗುವವನ ದಾರಿಗೂ ಇರುವ ಅಂತರ ಸಣ್ಣದಲ್ಲ. ಆದರೆ ಆರಾಧನೆಗೆ ದೇವಾಲಯವೇ ಬೇಕೆಂಬ ನಿರ್ಬಂಧವಿಲ್ಲದಿರುವುದು, ನಡುವೆ ಪೂಜಾರಿ ಇಲ್ಲದಿರುವುದು, ಪ್ರತಿದಿನವೂ ತಪ್ಪದೆ ತಾನೇ ಮಾಡಬೇಕಾಗಿರುವುದು, ಇವು ನಮ್ಮ ಓದುಗರಿಗೆ ಹೊಸದೆನಿಸಲಾರವು.

ಬಾಂಗು ಎಂದರೆ ಪಾರಸಿಯಲ್ಲಿ ಧ್ವನಿ, ಕೂಗು. ಅರಬ್ಬಿಯಲ್ಲಿ ಅದಕ್ಕೆ ‘ಅಜಾನ್’ ಎಂದು ಹೆಸರು. ಮದೀನೆಯಲ್ಲಿ ಮೊತ್ತಮೊದಲು ಈ ಕರೆಯನ್ನು ಕೂಗಲು ಪ್ರವಾದಿ ಮುಹಮ್ಮದರು ಆರಿಸಿಕೊಂಡದ್ದು ಬಿಲಾಲ್ ಎಂಬುವರನ್ನು. ಅವರು ಅಬಿಸೀನಿಯಾ ಮೂಲದ, ಗುಲಾಮಗಿರಿಯಿಂದ ಬಿಡುಗಡೆ ಹೊಂದಿದ ಕಪ್ಪು ಮನುಷ್ಯ. ಕುಲೀನ ಅರಬರನ್ನು ಒಬ್ಬ ಮಾಜಿ ಗುಲಾಮನ ಧ್ವನಿ ಪ್ರಾರ್ಥನೆಗೆ ಕರೆಯಿತು. ಹನ್ನೆರಡನೆಯ ಶತಮಾನದ ಕಲ್ಯಾಣವನ್ನು ಬಲ್ಲವರಿಗೆ ಇದರ ಮಹತ್ವವನ್ನು ಬಿಡಿಸಿ ಹೇಳಬೇಕಾಗಿಲ್ಲ. ಬಾಂಗಿನಲ್ಲಿ ದೇವರ ಮಹತ್ತನ್ನು ಸಾರಿದ ಮೇಲೆ ಎರಡು ಕರೆಗಳು ಬರುತ್ತವೆ. ಒಂದು ಪ್ರಾರ್ಥನೆಗೆ, ಇನ್ನೊಂದು ‘ಫಲಾಹ್’ ಎಂಬುದಕ್ಕೆ. ಫಲಾಹ್ ಎಂದರೆ ಕ್ಷೇಮ, ಏಳಿಗೆ, ಸಾರ್ಥಕತೆ. ಇದರ ಧಾತುವಿಗೆ ಸೀಳುವುದು, ಉಳುವುದು ಎಂಬ ಅರ್ಥವಿದ್ದು, ಅದೇ ಧಾತುವಿನಿಂದ ಬಂದ ‘ಫಲ್ಲಾಹ್’ ಎಂದರೆ ಒಕ್ಕಲಿಗ, ಉಳುವವನು. ನೆಲವನ್ನು ಸೀಳಿ ಬಿತ್ತಿದವನಿಗೆ ಬರುವ ಬೆಳೆಯಂತಹ ಕ್ಷೇಮವೆಂಬ ಧ್ವನಿ ಆ ಶಬ್ದದಲ್ಲಿದೆ. ಎರೆಹೊಲದಲ್ಲಿ ತೊಗರಿ ಬೆಳೆಯುವ ನಮ್ಮ ಸೀಮೆಯವರಿಗೆ ಇದಕ್ಕಿಂತ ಹತ್ತಿರದ ಅರ್ಥ ಬೇಕೆ?

ಐದು ಹೊತ್ತುಗಳು ಗಡಿಯಾರಕ್ಕೆ ಕಟ್ಟುಬಿದ್ದವಲ್ಲ, ಸೂರ್ಯನಿಗೆ ಕಟ್ಟುಬಿದ್ದವು. ಮೂಡಣ ಬೆಳಕು ಹರಡಿದಂದಿನಿಂದ ಸೂರ್ಯೋದಯದವರೆಗೆ ಫಜರ್. ನೆತ್ತಿಯಿಂದ ಸೂರ್ಯ ಇಳಿಯತೊಡಗಿದ ಮೇಲೆ ಜೊಹರ್. ನೆರಳು ಉದ್ದವಾದಾಗ ಅಸರ್. ಸೂರ್ಯ ಮುಳುಗಿದೊಡನೆ ಮಗ್ರಿಬ್. ಸಂಜೆಗೆಂಪು ಕಳೆದು ಇರುಳು ಕವಿದ ಮೇಲೆ ಇಶಾ. ನಮ್ಮ ಗಡಿಯಾರಗಳು 82½ ಡಿಗ್ರಿ ರೇಖಾಂಶದ ಕಾಲವನ್ನು ತೋರಿಸುತ್ತವೆ. ಸೇಡಂ 77 ಡಿಗ್ರಿಗೆ ತುಸು ಪೂರ್ವದಲ್ಲಿದೆ. ಆದಕಾರಣ ಅಲ್ಲಿ ಸೂರ್ಯನು ನೆತ್ತಿಗೆ ಬರುವುದು ಸರಾಸರಿ 12 ಗಂಟೆ 20 ನಿಮಿಷದ ಸುಮಾರಿಗೆ; ನವೆಂಬರ್ ಮೊದಲಲ್ಲಿ ಅದಕ್ಕಿಂತ ಕಾಲುಗಂಟೆ ಮುಂಚೆ, ಫೆಬ್ರವರಿಯಲ್ಲಿ ಅಷ್ಟೇ ಹೊತ್ತು ತಡವಾಗಿ. ಮೇ ತಿಂಗಳ ಮೊದಲ ಹತ್ತು ದಿನಗಳಲ್ಲಿ ನಡುಹಗಲಿನ ನೆರಳು ಕಾಲಡಿಗೇ ಬಂದು ಅಡಗುತ್ತದೆ. ಮಸೀದಿಯ ಗೋಡೆಗೆ ತೂಗುಹಾಕಿದ ವೇಳಾಪಟ್ಟಿ ಬದಲಾಗುತ್ತ ಹೋಗುವುದಕ್ಕೆ ಇದೇ ಕಾರಣ. ಹೀಗೆ ನಮಾಜು ಮಾಡುವವನು ತನಗರಿವಿಲ್ಲದೆಯೇ ಆಕಾಶದ ಗತಿಯನ್ನು ಅನುಸರಿಸುತ್ತಿರುತ್ತಾನೆ. ಕಡುಬೇಸಿಗೆಯಲ್ಲಿ ಜೊಹರನ್ನು ಬಿಸಿಲು ತುಸು ತಗ್ಗುವವರೆಗೆ ಮುಂದೂಡಬೇಕೆಂದು ಪ್ರವಾದಿಗಳೇ ತಿಳಿಸಿದ್ದಾರೆ. ಅರೇಬಿಯದ ಸುಡುನೆಲದಲ್ಲಿ ಹುಟ್ಟಿದ ಈ ರಿಯಾಯಿತಿ ಕಲಬುರಗಿ ಜಿಲ್ಲೆಯ ವೈಶಾಖಕ್ಕೂ ಒದಗಿಬರುತ್ತದೆ.

ಪ್ರಾರ್ಥನೆಗೆ ಮುನ್ನ ವಜೂ. ಕೈ, ಬಾಯಿ, ಮೂಗು, ಮುಖ, ಮೊಳಕೈವರೆಗೆ ತೋಳು ತೊಳೆದು, ಒದ್ದೆಗೈಯಿಂದ ತಲೆ ಸವರಿ, ಪಾದಗಳನ್ನು ತೊಳೆಯುವುದು ಅದರ ಕ್ರಮ. ಪ್ರವಾದಿಗಳು ಒಂದು ‘ಮುದ್’ ಅಳತೆಯ, ಎಂದರೆ ಹೆಚ್ಚೆಂದರೆ ಲೀಟರಿನಷ್ಟು ನೀರಿನಲ್ಲಿ ಇದನ್ನು ಮುಗಿಸುತ್ತಿದ್ದರೆಂದೂ, ಹರಿಯುವ ಹೊಳೆಯ ದಡದಲ್ಲಿಯೂ ನೀರನ್ನು ಪೋಲುಮಾಡಬಾರದೆಂದು ಹೇಳಿದರೆಂದೂ ಹದೀಸುಗಳಿಂದ ತಿಳಿಯುತ್ತದೆ. ನೀರೇ ಸಿಗದಿದ್ದರೆ, ಅಥವಾ ನೀರು ತಗುಲಿದರೆ ರೋಗ ಹೆಚ್ಚುವಂತಿದ್ದರೆ, ಶುದ್ಧ ಮಣ್ಣನ್ನು ಮುಟ್ಟಿ ಮುಖಕೈಗಳನ್ನು ಸವರಿಕೊಳ್ಳುವ ‘ತಯಮ್ಮುಮ್’ ಸಾಕು. ನಮ್ಮ ಭಾಗದ ಹೆಚ್ಚಿನ ಮುಸಲ್ಮಾನರು ಅನುಸರಿಸುವ ಹನಫೀ ಪದ್ಧತಿಯಲ್ಲಿ ಸಹಜವಾದ ಕಲ್ಲನ್ನು ಮುಟ್ಟಿದರೂ ಇದು ಸಲ್ಲುತ್ತದೆ. ಶಹಾಬಾದಿನ ಗಣಿಯಲ್ಲಿ ಫರ್ಸಿಕಲ್ಲು ಎಬ್ಬಿಸುವವನಿಗೆ ಕೈಗೆಟುಕುವಲ್ಲಿಯೇ ಶುದ್ಧಿಯ ಸಾಧನ ಇದೆಯೆಂದಾಯಿತು! ವಜೂವಿನ ಮಾನಸಿಕ ಪ್ರಯೋಜನ ಊಹಿಸಲು ಕಠಿಣವಲ್ಲ. ವ್ಯಾಪಾರದ ಅಥವಾ ಜಗಳದ ನಡುವಿನಿಂದ ಎದ್ದುಬಂದವನನ್ನು ನೇರವಾಗಿ ದೇವರ ಮುಂದೆ ನಿಲ್ಲಿಸದೆ, ನಡುವೆ ಕೆಲವು ನಿಮಿಷಗಳ ತಣ್ಣನೆಯ ವಿರಾಮವನ್ನು ಅದು ಒದಗಿಸುತ್ತದೆ. ಕೋಪ ಬಂದವನು ವಜೂ ಮಾಡಿಕೊಳ್ಳಲಿ, ನಿಂತಿದ್ದರೆ ಕುಳಿತುಕೊಳ್ಳಲಿ ಎಂಬ ಉಪದೇಶವೂ ಪರಂಪರೆಯಲ್ಲಿದೆ.

ಇನ್ನು ನಮಾಜು. ಅದರ ಘಟಕಕ್ಕೆ ‘ರಕಾತ್’ ಎಂದು ಹೆಸರು. ಕಡ್ಡಾಯವಾದುವು ಫಜರಿನಲ್ಲಿ 2, ಜೊಹರಿನಲ್ಲಿ 4, ಅಸರಿನಲ್ಲಿ 4, ಮಗ್ರಿಬಿನಲ್ಲಿ 3, ಇಶಾದಲ್ಲಿ 4, ಒಟ್ಟು 17. ಒಂದು ರಕಾತಿನಲ್ಲಿ ನಿಲ್ಲುವುದು, ಮೊಣಕಾಲಿಗೆ ಕೈಯೂರಿ ಬಾಗುವುದು, ಮತ್ತೆ ನೆಟ್ಟಗಾಗುವುದು, ಎರಡು ಬಾರಿ ನೆಲಕ್ಕೆ ಹಣೆ ಹಚ್ಚುವುದು, ಅವೆರಡರ ನಡುವೆ ಕೂಡ್ರುವುದು ಇರುತ್ತವೆ. ನೆಲಕ್ಕೆ ಹಣೆ ಹಚ್ಚುವ ಸಜ್ದಾದಲ್ಲಿ ಏಳು ಅವಯವಗಳು ನೆಲವನ್ನು ಮುಟ್ಟಬೇಕು: ಮೂಗಿನೊಡನೆ ಹಣೆ, ಎರಡು ಅಂಗೈ, ಎರಡು ಮೊಣಕಾಲು, ಎರಡು ಪಾದಗಳ ಬೆರಳು. ನಮ್ಮ ಸಾಷ್ಟಾಂಗಕ್ಕೆ ಎಂಟು, ಇದಕ್ಕೆ ಏಳು. ಮನುಷ್ಯನು ಎಲ್ಲಕ್ಕಿಂತ ಎತ್ತರದಲ್ಲಿಟ್ಟುಕೊಂಡು ತಿರುಗುವ ತಲೆ ಇಲ್ಲಿ ಪಾದದ ಮಟ್ಟಕ್ಕೆ ಇಳಿಯುತ್ತದೆ. ದಾಸನು ದೇವರಿಗೆ ಅತ್ಯಂತ ಸಮೀಪನಾಗುವುದು ಈ ಭಂಗಿಯಲ್ಲಿಯೇ ಎಂಬುದು ಇಸ್ಲಾಮಿನ ನಂಬಿಕೆ. ತೀರ ಕೆಳಗಾದಾಗ ತೀರ ಹತ್ತಿರವಾಗುವ ಈ ವಿರೋಧಾಭಾಸವನ್ನು ನಮ್ಮ ಶರಣರ ‘ಕಿಂಕರತ್ವ’ದ ಕಲ್ಪನೆಯನ್ನು ಬಲ್ಲವರು ಸುಲಭವಾಗಿ ಗ್ರಹಿಸಬಲ್ಲರು.

ಪ್ರತಿ ರಕಾತಿನಲ್ಲಿಯೂ ಕುರ್‌ಆನಿನ ಮೊದಲ ಅಧ್ಯಾಯವಾದ ‘ಫಾತಿಹಾ’ಕ್ಕೆ ಸ್ಥಾನವಿದೆ. ಏಳು ವಾಕ್ಯಗಳ ಈ ಪ್ರಾರ್ಥನೆಯಲ್ಲಿ ಸಾಹಿತ್ಯದ ವಿದ್ಯಾರ್ಥಿ ಗಮನಿಸತಕ್ಕ ವ್ಯಾಕರಣದ ಅಂಶವೊಂದುಂಟು. ಬೇಡಿಕೆಯ ಭಾಗದಲ್ಲಿ ಉತ್ತಮಪುರುಷ ಏಕವಚನವೇ ಇಲ್ಲ, ಎಲ್ಲವೂ ಬಹುವಚನ. ಮುಚ್ಚಿದ ಕೋಣೆಯಲ್ಲಿ ಒಬ್ಬನೇ ನಿಂತು ಪ್ರಾರ್ಥಿಸುವವನೂ ‘ನಾವು’ ಎಂದೇ ಹೇಳುತ್ತಾನೆ. ದುಃಖಿತನ ಮನಸ್ಸು ‘ನನಗೊಬ್ಬನಿಗೇ ಹೀಗಾಯಿತು’ ಎಂದು ತನ್ನ ಸುತ್ತ ಗೋಡೆ ಕಟ್ಟಿಕೊಳ್ಳುವುದು ಸ್ವಭಾವ. ಆ ಗೋಡೆಯನ್ನು ಈ ಬಹುವಚನ ದಿನಕ್ಕೆ ಹಲವು ಬಾರಿ ತಟ್ಟುತ್ತದೆ. ಜಮಾಅತಿನಲ್ಲಿ, ಎಂದರೆ ಸಾಮೂಹಿಕ ನಮಾಜಿನಲ್ಲಿ, ಇದು ಕಣ್ಣಿಗೇ ಕಾಣುತ್ತದೆ: ಭುಜಕ್ಕೆ ಭುಜ ತಾಗಿಸಿ ನಿಂತ ಸಾಲಿನಲ್ಲಿ ಮಾಲೀಕನ ಪಕ್ಕದಲ್ಲಿ ಆಳು ನಿಂತರೆ ಅವನನ್ನು ಸರಿಸುವ ಅಧಿಕಾರ ಯಾರಿಗೂ ಇಲ್ಲ. ನಮಾಜಿನ ಕೊನೆಯಲ್ಲಿ ಬಲಕ್ಕೂ ಎಡಕ್ಕೂ ಮುಖ ತಿರುಗಿಸಿ ಶಾಂತಿ ಕೋರುತ್ತಾರೆ. ದೇವರೊಡನೆ ನಡೆದ ಮಾತು ನೆರೆಯವನ ಕಡೆಗೆ ಹೊರಳಿ ಮುಗಿಯುತ್ತದೆ.

ಇನ್ನೊಂದು ಸೂಕ್ಷ್ಮ. ಲೋಕದ ಗದ್ದಲ ಹೆಚ್ಚಿರುವ ಜೊಹರ್ ಮತ್ತು ಅಸರ್‌ಗಳಲ್ಲಿ ಇಮಾಮನು ಕುರ್‌ಆನನ್ನು ಮನಸ್ಸಿನೊಳಗೇ ಓದಿಕೊಳ್ಳುತ್ತಾನೆ. ಹೊರಗೆ ಮೌನ ಕವಿದಿರುವ ಫಜರ್, ಮಗ್ರಿಬ್, ಇಶಾಗಳಲ್ಲಿ ಗಟ್ಟಿಯಾಗಿ ಓದುತ್ತಾನೆ. ಹಗಲಿನ ಗದ್ದಲದೊಳಗೊಂದು ಮೌನ, ಇರುಳಿನ ಮೌನದೊಳಗೊಂದು ಧ್ವನಿ.

ಈ ವಿಧಿಯ ಕಠಿಣತೆಯನ್ನು ಹೇಳಿದವರು ಅದರ ಮೃದುತ್ವವನ್ನೂ ಹೇಳಬೇಕು. ನಿಲ್ಲಲಾರದವನು ಕುಳಿತು, ಕೂಡ್ರಲಾರದವನು ಮಲಗಿ, ಮಲಗಿದಲ್ಲಿಯೂ ಅಲುಗಾಡಲಾರದವನು ತಲೆಯ ಸನ್ನೆಯಿಂದ ನಮಾಜು ಮಾಡಬಹುದು. ಪ್ರಯಾಣಿಕನು ನಾಲ್ಕು ರಕಾತುಗಳನ್ನು ಎರಡಕ್ಕೆ ಇಳಿಸಬೇಕು. ವಾಡಿ ಜಂಕ್ಷನ್ನಿನಲ್ಲಿ ರೈಲು ಹತ್ತಿ ಹೈದರಾಬಾದಿಗೆ ಹೋಗುವವನು ಈ ಲೆಕ್ಕಕ್ಕೆ ಪ್ರಯಾಣಿಕ. ನಲವತ್ತು ಕಿಲೋಮೀಟರಿನ ಒಳಗಿರುವ ಕಲಬುರಗಿಗೆ ಹೋಗಿಬರುವವನು ಅಲ್ಲ, ಏಕೆಂದರೆ ಹನಫೀ ಶಾಸ್ತ್ರಜ್ಞರು ಪ್ರಯಾಣದ ಕನಿಷ್ಠ ದೂರವನ್ನು ಸುಮಾರು 77 ಕಿಲೋಮೀಟರೆಂದು ಎಣಿಸುತ್ತಾರೆ. ನಿದ್ದೆಯಿಂದಲೋ ಮರೆವಿನಿಂದಲೋ ತಪ್ಪಿಹೋದುದನ್ನು ‘ಕಜಾ’ ಎಂದು ಆಮೇಲೆ ತೀರಿಸಬಹುದು. ತಪ್ಪಿದವನು ಕೆಟ್ಟೇಹೋದನೆಂಬ ಹತಾಶೆಗೆ ಇಲ್ಲಿ ಎಡೆಯಿಲ್ಲ.

ಐದು ಹೊತ್ತಿನ ನಮಾಜು ವಿಧಿಯಾದ ಸಂದರ್ಭವೂ ನಮ್ಮ ವಿಷಯಕ್ಕೆ ಸಂಬಂಧಿಸಿದುದೇ. ಸುಮಾರು 619ರಲ್ಲಿ ಪ್ರವಾದಿಗಳ ಪತ್ನಿ ಖದೀಜಾ ಮತ್ತು ಸಾಕಿದ ದೊಡ್ಡಪ್ಪ ಅಬೂ ತಾಲಿಬ್ ಇಬ್ಬರೂ ತೀರಿಕೊಂಡರು. ಇಸ್ಲಾಮಿನ ಇತಿಹಾಸಕಾರರು ಆ ವರ್ಷವನ್ನು ‘ದುಃಖದ ವರ್ಷ’ವೆಂದೇ ಕರೆದಿದ್ದಾರೆ. ಅದಾದ ಬಳಿಕವೇ ಅವರಿಗೆ ‘ಮಿಅರಾಜ್’ ಎಂಬ ಊರ್ಧ್ವಯಾತ್ರೆ ಲಭಿಸಿತೆಂದೂ, ಅಲ್ಲಿ ಮೊದಲು ಐವತ್ತು ಹೊತ್ತಿನ ಪ್ರಾರ್ಥನೆ ವಿಧಿಸಲ್ಪಟ್ಟು, ನಿನ್ನ ಜನ ಇಷ್ಟನ್ನು ಹೊರಲಾರರೆಂದು ಮೂಸಾ ಪ್ರವಾದಿ ಮತ್ತೆ ಮತ್ತೆ ಎಚ್ಚರಿಸಿದ್ದರಿಂದ ಬೇಡಿಕೊಂಡು ಐದಕ್ಕೆ ಇಳಿಯಿತೆಂದೂ, ಐದಕ್ಕೆ ಐವತ್ತರ ಫಲ ನಿಶ್ಚಯವಾಯಿತೆಂದೂ ಸಂಪ್ರದಾಯ ಹೇಳುತ್ತದೆ. ದುಃಖದಿಂದ ನೊಂದ ಮನುಷ್ಯನಿಗೆ ದೊರೆತ ಕೊಡುಗೆಯಾಗಿ ನಮಾಜನ್ನು ಸೂಫಿಗಳು ಕಂಡದ್ದು ಈ ಹಿನ್ನೆಲೆಯಿಂದ.

ನಮಾಜಿಗಿಂತಲೂ ಸರಳವಾದ, ಹೊತ್ತುಗೊತ್ತಿನ ಹಂಗಿಲ್ಲದ ಇನ್ನೊಂದು ನಿತ್ಯಸಾಧನೆಯೆಂದರೆ ‘ಜಿಕ್ರ್’, ಎಂದರೆ ಸ್ಮರಣೆ. ದೇವರ ನೆನಹಿನಿಂದಲೇ ಹೃದಯಗಳಿಗೆ ನೆಮ್ಮದಿಯೆಂಬ ಭಾವ ಕುರ್‌ಆನಿನ ಹದಿಮೂರನೆಯ ಅಧ್ಯಾಯದಲ್ಲಿದೆ. ಮುಸಲ್ಮಾನರ ಮನೆಮನೆಯಲ್ಲಿ ಪ್ರಚಲಿತವಾಗಿರುವ ಜಿಕ್ರ್ ಒಂದರ ಕಥೆಯನ್ನು ಇಲ್ಲಿ ತುಸು ವಿಸ್ತಾರವಾಗಿಯೇ ಹೇಳಬೇಕು. ಪ್ರವಾದಿಗಳ ಮಗಳು ಫಾತಿಮಾ ತಮ್ಮ ಮನೆಯ ಹಿಟ್ಟನ್ನು ತಾವೇ ಬೀಸುತ್ತಿದ್ದರು. ಬೀಸುಕಲ್ಲಿನ ಗೂಟ ಹಿಡಿದು ಕೈಗಳು ನೋಯುತ್ತಿದ್ದುವು. ತಂದೆಯ ಬಳಿಗೆ ಸೆರೆಯಾಳುಗಳು ಬಂದಿರುವರೆಂದು ಕೇಳಿ, ಒಬ್ಬ ಆಳನ್ನು ಬೇಡಲು ಹೋದರು. ಆಗ ತಂದೆ ಮನೆಯಲ್ಲಿರಲಿಲ್ಲ. ರಾತ್ರಿ ಪ್ರವಾದಿಗಳೇ ಮಗಳ ಮನೆಗೆ ಬಂದು, ಆಳಿಗಿಂತ ಒಳ್ಳೆಯದನ್ನು ಕೊಡುತ್ತೇನೆಂದು ಹೇಳಿ, ಮಲಗುವ ಮುನ್ನ ದೇವರ ಪಾವಿತ್ರ್ಯವನ್ನು 33 ಸಲ, ಸ್ತುತಿಯನ್ನು 33 ಸಲ, ಮಹತ್ತನ್ನು 34 ಸಲ ಉಚ್ಚರಿಸಲು ಕಲಿಸಿದರು. ‘ಸುಬಹಾನಲ್ಲಾಹ್, ಅಲ್‌ಹಮ್ದುಲಿಲ್ಲಾಹ್, ಅಲ್ಲಾಹು ಅಕ್ಬರ್’ ಎಂಬ ಮೂರು ನುಡಿಗಳ ಈ ನೂರರ ಜಪಕ್ಕೆ ‘ತಸ್ಬೀಹೆ ಫಾತಿಮಾ’ ಎಂದು ಹೆಸರಾಯಿತು. ಐದು ನಮಾಜುಗಳ ನಂತರವೂ ಇದನ್ನು ಎಣಿಸುವ ರೂಢಿಯಿದೆ. ಎಣಿಸಲು ಕೆಲವರು 33 ಅಥವಾ 99 ಮಣಿಗಳ ಸರ ಹಿಡಿದರೆ, ಹಲವರಿಗೆ ಬೆರಳಿನ ಗೆಣ್ಣುಗಳೇ ಸಾಕು.

ಈ ಕಥೆಯನ್ನು ಓದಿದ ಆಧುನಿಕನು, ಕೈ ನೋಯುತ್ತಿದ್ದವಳಿಗೆ ಜಪ ಕೊಟ್ಟರೆ ನೋವು ಹೋದೀತೆ ಎಂದು ಕೇಳಬಹುದು. ಪ್ರಶ್ನೆ ನ್ಯಾಯವಾದುದೇ. ಆದರೆ ಕಥೆ ಮರುದಿನ ಬೀಸುಕಲ್ಲು ಹಗುರವಾಯಿತೆಂದು ಹೇಳುವುದಿಲ್ಲ. ದಣಿವು ಹಾಗೆಯೇ ಇದೆ. ದಣಿದವಳು ನಿದ್ದೆಗೆ ಜಾರುವಾಗ ನಾಳೆಯ ಚಿಂತೆಯ ಬದಲು ನಾಲಗೆಯ ಮೇಲೆ ಏನಿರಬೇಕೆಂಬುದಷ್ಟೇ ಅದರ ವಿಷಯ. ಶ್ರಮವನ್ನು ಕೀಳೆಂದು ತಿಳಿಯದೆ ಅದರೊಡನೆಯೇ ಸ್ಮರಣೆಯನ್ನು ಜೋಡಿಸುವುದನ್ನು ಕಾಯಕವೆಂಬ ಶಬ್ದಕ್ಕೆ ಜನ್ಮವಿತ್ತ ನಾಡಿನವರು ತಪ್ಪುತಿಳಿಯಲಾರರು.

ಮದೀನೆಯ ಆ ಬೀಸುಕಲ್ಲು ದಖನ್ನಿಗೂ ಬಂದುದು ಸ್ವಾರಸ್ಯದ ಸಂಗತಿ. ದಖನಿ ಭಾಷೆಯಲ್ಲಿ ‘ಚಕ್ಕಿನಾಮ’ ಎಂಬ ಹಾಡುಗಬ್ಬದ ಪ್ರಕಾರವೊಂದಿದೆ. ಹೆಂಗಸರು ಬೀಸುವಾಗ ಹಾಡಿಕೊಳ್ಳಲೆಂದು ಸೂಫಿಗಳು ರಚಿಸಿದ ಪದಗಳವು. ಬಿಜಾಪುರದ ಸೂಫಿಗಳನ್ನು ಕುರಿತು 1978ರಲ್ಲಿ ಪ್ರಕಟವಾದ ತಮ್ಮ ಗ್ರಂಥದಲ್ಲಿ ಇತಿಹಾಸಕಾರ ರಿಚರ್ಡ್ ಈಟನ್ ಇವುಗಳ ಮಹತ್ವವನ್ನು ವಿವೇಚಿಸಿದ್ದಾರೆ. ಬೀಸುಕಲ್ಲಿನ ಗೂಟವನ್ನು ‘ಅಲಿಫ್’ ಅಕ್ಷರಕ್ಕೆ ಹೋಲಿಸಿ, ಕಲ್ಲು ತಿರುಗುವ ಲಯಕ್ಕೆ ದೇವರ ಹೆಸರನ್ನು ಹೊಂದಿಸುವುದು ಇವುಗಳ ರೀತಿ. ಒಂದು ಚಕ್ಕಿನಾಮವು ಕಲಬುರಗಿಯ ಖ್ವಾಜಾ ಬಂದೇನವಾಜರ ಹೆಸರಿನಲ್ಲಿಯೂ ಪ್ರಚಾರದಲ್ಲಿದೆ. ಅದರ ಕರ್ತೃತ್ವ ಚರ್ಚಾಸ್ಪದ. ನಮ್ಮ ಜೋಳದ ಸೀಮೆಯ ಕನ್ನಡ ಬೀಸುವ ಪದಗಳಲ್ಲಿಯೂ ಕಲ್ಲಿಗೆ, ಗುರುವಿಗೆ, ಶಿವನಿಗೆ ಮೊದಲ ನಮನ ಸಲ್ಲುವುದನ್ನು ಜಾನಪದದ ಅಭ್ಯಾಸಿಗಳು ಬಲ್ಲರು. ಒಂದೇ ಓಣಿಯ ಎರಡು ಮನೆಗಳಲ್ಲಿ ನಸುಕಿನ ಹೊತ್ತು ಎರಡು ಭಾಷೆಗಳಲ್ಲಿ ಒಂದೇ ಲಯ ನಡೆದಿದ್ದ ಕಾಲವದು. ಹಿಟ್ಟಿನ ಗಿರಣಿ ಬಂದ ಮೇಲೆ ತೋಳುಗಳಿಗೆ ಬಿಡುವು ದೊರೆಯಿತು, ಹಾಡುಗಳು ಹೋದುವು. ತೋಳುಗಳ ಪರವಾಗಿ ಇದನ್ನು ಒಪ್ಪಲೇಬೇಕು.

ಖ್ವಾಜಾ ಬಂದೇನವಾಜ್ ಗೇಸುದರಾಜರು ದೆಹಲಿಯಿಂದ ಹೊರಟು, ಬಹಮನಿ ಫಿರೋಜಶಾಹನ ಕಾಲದಲ್ಲಿ, ಸುಮಾರು 1400ರ ಹೊತ್ತಿಗೆ ಕಲಬುರಗಿಗೆ ಬಂದು ನೆಲೆಸಿದರು. 1422ರಲ್ಲಿ ಇಲ್ಲಿಯೇ ದೇಹವಿಟ್ಟರು. ಅವರು ಅನುಸರಿಸಿದ ಚಿಶ್ತಿ ಪರಂಪರೆಯಲ್ಲಿ ಗಟ್ಟಿಯಾಗಿ ಮಾಡುವ ಜಿಕ್ರ್ ಒಂದು, ಮೌನದ ಜಿಕ್ರ್ ಇನ್ನೊಂದು. ಉಸಿರಿನ ಒಳಹೋಗುವಿಕೆ ಹೊರಬರುವಿಕೆಗಳ ಮೇಲೆ ಕಾವಲಿಟ್ಟು ಅದರೊಡನೆ ನಾಮವನ್ನು ಬೆಸೆಯುವುದಕ್ಕೆ ‘ಪಾಸೆ ಅನ್‌ಫಾಸ್’ ಎನ್ನುತ್ತಾರೆ. ಶ್ವಾಸದ ಪಹರೆ ಎಂದು ಅರ್ಥ. ಬಂದೇನವಾಜರ ಗುರು, ದೆಹಲಿಯ ನಸೀರುದ್ದೀನ್ ಚಿರಾಗರು ಉಸಿರಿನ ನಿಯಮವನ್ನು ಬೋಧಿಸುವಾಗ, ಎಣಿಸಿ ಉಸಿರಾಡುವ ಸಿದ್ಧಯೋಗಿಗಳನ್ನೇ ನಿದರ್ಶನವಾಗಿ ಹೆಸರಿಸಿದ್ದು ಅವರ ಮಾತುಗಳ ಸಂಗ್ರಹವಾದ ‘ಖೈರುಲ್ ಮಜಾಲಿಸ್’ನಲ್ಲಿದೆ. ಸಾಧಕರು ಒಬ್ಬರಿಂದೊಬ್ಬರು ಕಲಿಯಲು ನಾಚಿದವರಲ್ಲ.

ಅಮೆರಿಕದ ವೈದ್ಯ ಹರ್ಬರ್ಟ್ ಬೆನ್ಸನ್ 1975ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ, ಒಂದು ಶಬ್ದವನ್ನು ಶಾಂತಚಿತ್ತದಿಂದ ಮತ್ತೆ ಮತ್ತೆ ಉಚ್ಚರಿಸುತ್ತ ನಡುವೆ ನುಗ್ಗುವ ಯೋಚನೆಗಳನ್ನು ತಡೆಯದೆ ಹೋಗಗೊಡುವವರಲ್ಲಿ ಉಸಿರಾಟವೂ ಹೃದಯಬಡಿತವೂ ನಿಧಾನವಾಗುವುದನ್ನು ವಿವರಿಸಿ, ಎಲ್ಲ ಧರ್ಮಗಳ ಜಪಪದ್ಧತಿಗಳಲ್ಲಿ ಇದರ ಬೀಜವಿದೆಯೆಂದು ತೋರಿಸಿದರು. ಇದು ಸಂತೋಷದ ವಿಷಯ. ಆದರೆ ಈಚೆಗೆ ನಮಾಜನ್ನು ಬೆನ್ನುಮೂಳೆಯ ವ್ಯಾಯಾಮವೆಂದೂ, ಲಿಂಗಪೂಜೆಯನ್ನು ಕಣ್ಣಿನ ಚಿಕಿತ್ಸೆಯೆಂದೂ ವರ್ಣಿಸಿ ಹಿಗ್ಗುವವರು ಎರಡೂ ಕಡೆ ಹೆಚ್ಚಿದ್ದಾರೆ. ಅದು ದೇವರನ್ನು ಔಷಧದ ಅಂಗಡಿಯಲ್ಲಿ ಕೂಡ್ರಿಸಿದಂತೆಂದು ಈ ಲೇಖಕನ ಭಾವನೆ. ನೆಮ್ಮದಿ ಬಂದರೆ ಅದು ಆರಾಧನೆಯ ನೆರಳಾಗಿ ಬರುತ್ತದೆ. ನೆರಳನ್ನೇ ಹಿಡಿಯಹೋದವನಿಗೆ ಅದು ಸಿಗುವುದು ಕಷ್ಟ.

ಯಾಂತ್ರಿಕವಾದ ಆರಾಧನೆಯ ವಿಷಯದಲ್ಲಿ ಇಸ್ಲಾಂ ನಿಷ್ಠುರವಾಗಿದೆ. ಮನಸ್ಸಿನ ವಿನಯಕ್ಕೆ ‘ಖುಶೂ’ ಎಂದು ಹೆಸರು. ಅದಿಲ್ಲದ ನಮಾಜು ಜೀವವಿಲ್ಲದ ದೇಹ. ಕುರ್‌ಆನಿನ 107ನೆಯ ಅಧ್ಯಾಯವಾದ ‘ಮಾಊನ್’ ಕೇವಲ ಏಳು ವಾಕ್ಯಗಳದು. ಅನಾಥನನ್ನು ನೂಕುವವನನ್ನೂ, ಜನ ನೋಡಲೆಂದು ಪ್ರಾರ್ಥಿಸುತ್ತ ನೆರೆಯವನಿಗೆ ದಿನಬಳಕೆಯ ಸಣ್ಣ ವಸ್ತುವನ್ನೂ ಎರವಲು ಕೊಡದವನನ್ನೂ ಅದು ಒಂದೇ ಉಸಿರಿನಲ್ಲಿ ಖಂಡಿಸುತ್ತದೆ. ತೋರಿಕೆಯ ಭಕ್ತಿಯ ಮೇಲೆ ನಮ್ಮ ವಚನಕಾರರು ಬೀಸಿದ ಚಾಟಿಯನ್ನು ನೆನೆದವರಿಗೆ ಈ ಅಧ್ಯಾಯ ಅಪರಿಚಿತವೆನಿಸದು.

ಇದರ ತೀರ ಎದುರಿನ ಅಪಾಯವೂ ಒಂದುಂಟು. ಅದರ ಬಗ್ಗೆ ಬರೆಯುವವರು ಕಡಿಮೆ. ಕೆಲವರಿಗೆ ಶುದ್ಧಿಯ ಬಗ್ಗೆ ಸಂಶಯ ಹಿಡಿಯುತ್ತದೆ. ವಜೂ ಸರಿಯಾಯಿತೋ ಇಲ್ಲವೋ ಎಂದು ಹತ್ತು ಬಾರಿ ತೊಳೆಯುತ್ತಾರೆ. ರಕಾತು ತಪ್ಪಿತೆಂದು ಮತ್ತೆ ಮೊದಲಿನಿಂದ ಆರಂಭಿಸುತ್ತಾರೆ. ಇದಕ್ಕೆ ಅರಬ್ಬಿಯಲ್ಲಿ ‘ವಸ್ವಾಸ್’ ಎಂದು ಹೆಸರು. ಸಂಶಯವು ನಿಶ್ಚಯವನ್ನು ತಳ್ಳಿಹಾಕಲಾರದು, ಆದ್ದರಿಂದ ಅದನ್ನು ಲೆಕ್ಕಿಸದೆ ಮುಂದುವರಿಯಬೇಕು ಎಂಬುದು ಶಾಸ್ತ್ರಜ್ಞರ ತೀರ್ಪು. ಮಾನ್ಯಖೇಟದಲ್ಲಿ ರಾಷ್ಟ್ರಕೂಟರು ಆಳುತ್ತಿದ್ದ ಕಾಲದಲ್ಲಿಯೇ ಬದುಕಿ 934ರಲ್ಲಿ ತೀರಿಕೊಂಡ ಅಬೂ ಜೈದ್ ಅಲ್ ಬಲ್ಖಿ ಎಂಬ ವಿದ್ವಾಂಸ, ದೇಹದ ಹಾಗೂ ಮನಸ್ಸಿನ ಪಾಲನೆಯನ್ನು ಕುರಿತ ತನ್ನ ಗ್ರಂಥದಲ್ಲಿ ಕೋಪ, ಭಯ, ಶೋಕ, ವಸ್ವಾಸ್ ಎಂಬ ನಾಲ್ಕು ಬಾಧೆಗಳನ್ನು ಪ್ರತ್ಯೇಕವಾಗಿ ವಿವರಿಸಿ, ದೇಹದಂತೆ ಮನಸ್ಸೂ ರೋಗಕ್ಕೀಡಾಗುತ್ತದೆ, ಅದಕ್ಕೂ ಚಿಕಿತ್ಸೆ ಬೇಕೆಂದು ವಾದಿಸಿದ್ದಾನೆ.

ಈ ಮಾತನ್ನು ಒತ್ತಿ ಹೇಳಲು ಕಾರಣವಿದೆ. ಮನಸ್ಸು ಕೆಟ್ಟವರನ್ನು ದರ್ಗಾಕ್ಕೂ, ದೇವಸ್ಥಾನಕ್ಕೂ, ಮಠಕ್ಕೂ ಕರೆದೊಯ್ದು ಕೂಡ್ರಿಸುವ ವಾಡಿಕೆ ನಮ್ಮ ಸೀಮೆಯಲ್ಲಿ ಎಲ್ಲ ಮತದವರಲ್ಲಿಯೂ ಇದೆ. ಅಲ್ಲಿಯ ಪ್ರಶಾಂತತೆಯಿಂದ ಹಿತವಾದರೆ ಆಕ್ಷೇಪವಿಲ್ಲ. ಆದರೆ 2001ರ ಆಗಸ್ಟ್ 6ರಂದು ತಮಿಳುನಾಡಿನ ಏರ್ವಾಡಿಯಲ್ಲಿ, ದರ್ಗಾದ ನಂಬಿಕೆಯನ್ನೇ ಆಶ್ರಯಿಸಿ ನಡೆಯುತ್ತಿದ್ದ ಖಾಸಗಿ ಆಶ್ರಮವೊಂದಕ್ಕೆ ಬೆಂಕಿ ಬಿದ್ದಾಗ, ಸರಪಳಿಯಿಂದ ಕಟ್ಟಿಹಾಕಿದ್ದ 28 ಮನೋರೋಗಿಗಳು ಓಡಲಾರದೆ ಸತ್ತುಹೋದರು. ಮನೋರೋಗಿಯನ್ನು ಸರಪಳಿಯಿಂದ ಬಂಧಿಸುವುದನ್ನು 2017ರ ಮಾನಸಿಕ ಆರೋಗ್ಯ ಕಾಯ್ದೆ ಸಂಪೂರ್ಣವಾಗಿ ನಿಷೇಧಿಸಿದೆ. ಔಷಧ ಮಾಡಿಸಿಕೊಳ್ಳಬೇಕೆ ಎಂದು ಕೇಳಿದ ಮರುಭೂಮಿಯ ಜನರಿಗೆ ಪ್ರವಾದಿಗಳು, ಮಾಡಿಸಿಕೊಳ್ಳಿರಿ, ದೇವರು ಮದ್ದಿಲ್ಲದ ರೋಗವನ್ನು ಇಳಿಸಿಲ್ಲವೆಂದು ತಿಳಿಸಿದರು. ಮುಪ್ಪೊಂದನ್ನು ಮಾತ್ರ ಹೊರತುಪಡಿಸಿದರು. ನಿತ್ಯದ ನಮಾಜು ಮನೋವೈದ್ಯನ ಬಾಗಿಲನ್ನು ಮುಚ್ಚುವುದಿಲ್ಲ.

ಇನ್ನು ದುಃಖದ ಮಾತು. ಈ ಪ್ರಾಂತದಲ್ಲಿ ದುಃಖವು ಒಂದೊಂದು ಮನೆಯದು ಮಾತ್ರವಾಗಿ ಉಳಿಯದ ಕಾಲವೊಂದಿತ್ತು. 1948ರಲ್ಲಿ ರಜಾಕಾರರ ಹಾವಳಿಗೆ ಸಿಕ್ಕಿ ಹಿಂದೂಗಳೂ, ಸೆಪ್ಟೆಂಬರಿನ ಪೋಲೀಸ್ ಕಾರ್ಯಾಚರಣೆಯ ನಂತರದ ಪ್ರತೀಕಾರಕ್ಕೆ ಸಿಕ್ಕಿ ಮುಸಲ್ಮಾನರೂ ಮನೆಮಾರು, ಮಕ್ಕಳುಮರಿಗಳನ್ನು ಕಳೆದುಕೊಂಡರು. ಅದೇ ವರ್ಷದ ಕೊನೆಯಲ್ಲಿ ಸಂಚರಿಸಿದ ಪಂಡಿತ ಸುಂದರಲಾಲರ ಸಮಿತಿ ಅತಿ ಹೆಚ್ಚು ಹಾನಿಗೊಂಡ ನಾಲ್ಕು ಜಿಲ್ಲೆಗಳಲ್ಲಿ ಗುಲ್ಬರ್ಗಾವನ್ನೂ ಹೆಸರಿಸಿತು. ಅಂಥ ವರ್ಷದಲ್ಲಿ ಮನುಷ್ಯರು ಮತ್ತೆ ಎದ್ದು ಹೊಲಕ್ಕೆ, ಗಣಿಗೆ, ಅಂಗಡಿಗೆ ಹೋಗಲು ಏನು ಕಾರಣವಾಯಿತೆಂಬುದನ್ನು ಇತಿಹಾಸದ ದಾಖಲೆಗಳು ಹೇಳುವುದಿಲ್ಲ. ನಸುಕಿಗೆ ಏಳಲೇಬೇಕೆಂಬ ಒಂದು ವಿಧಿ, ಅದು ನಮಾಜಿನದಾಗಲಿ ಲಿಂಗಪೂಜೆಯದಾಗಲಿ, ಮುರಿದ ಮನೆಯಲ್ಲಿ ಉಳಿದ ಕೊನೆಯ ಕ್ರಮವಾಗಿದ್ದಿರಬಹುದು.

ಶೋಕವನ್ನು ಇಸ್ಲಾಂ ಅದುಮಿಡುವುದಿಲ್ಲ, ಅದಕ್ಕೆ ದಂಡೆ ಕಟ್ಟುತ್ತದೆ. ಪುಟ್ಟ ಮಗ ಇಬ್ರಾಹೀಮ್ ತೀರಿಕೊಂಡಾಗ ಪ್ರವಾದಿಗಳು ಕಣ್ಣೀರಿಟ್ಟರು. ನೀವೂ ಅಳುವಿರಾ ಎಂದು ಆಶ್ಚರ್ಯಪಟ್ಟವನಿಗೆ ಅದು ಕರುಣೆಯೆಂದು ಉತ್ತರಿಸಿದರು. ಎದೆ ಬಡಿದುಕೊಳ್ಳುವುದು, ಬಟ್ಟೆ ಹರಿದುಕೊಳ್ಳುವುದು ಕೂಡದು; ಕಣ್ಣೀರಿಗೆ ಅಡ್ಡಿಯಿಲ್ಲ. ಬಂಧುಗಳಿಗೆ ಶೋಕದ ಅವಧಿ ಮೂರು ದಿನ, ವಿಧವೆಗೆ ನಾಲ್ಕು ತಿಂಗಳು ಹತ್ತು ದಿನ. ಸತ್ತವರಿಗಾಗಿ ಮಾಡುವ ‘ಜನಾಜಾ’ ನಮಾಜಿನಲ್ಲಿ ಬಾಗುವುದೂ ಇಲ್ಲ, ಸಜ್ದಾವೂ ಇಲ್ಲ. ನಿಂತೇ ನಾಲ್ಕು ಬಾರಿ ದೇವರ ಮಹತ್ತನ್ನು ಉಚ್ಚರಿಸಿ ಮುಗಿಸುತ್ತಾರೆ. ಅದಕ್ಕೆ ಬಾಂಗೂ ಇಲ್ಲ. ಮಗು ಹುಟ್ಟಿದಾಗ ಕಿವಿಯಲ್ಲಿ ಹೇಳಿದ ಬಾಂಗೇ ಈ ನಮಾಜಿನದೆಂದು ಹಿರಿಯರು ಹೇಳುವುದುಂಟು. ಬಳಿಕ ನೆರೆದವರೆಲ್ಲ ಗೋರಿಗೆ ಮೂರು ಹಿಡಿ ಮಣ್ಣು ಹಾಕುತ್ತಾರೆ. ಮಣ್ಣಿಗೆ ಕೊಡುವ ಸಂಪ್ರದಾಯ ವೀರಶೈವರಲ್ಲಿಯೂ ಇರುವುದರಿಂದ ನಮ್ಮ ಊರುಗಳಲ್ಲಿ ಈ ದೃಶ್ಯ ಯಾರಿಗೂ ಹೊಸದಲ್ಲ.

629ರಲ್ಲಿ ಮುಅತಾ ಎಂಬಲ್ಲಿ ನಡೆದ ಯುದ್ಧದಲ್ಲಿ ಪ್ರವಾದಿಗಳ ದಾಯಾದಿ ತಮ್ಮ ಜಾಫರ್ ಮಡಿದ ಸುದ್ದಿ ಮದೀನೆಗೆ ಬಂದಾಗ, ಆ ಮನೆಯವರಿಗೆ ಅಡಿಗೆ ಮಾಡುವ ಸ್ಥಿತಿಯಿಲ್ಲ, ನೀವು ಮಾಡಿ ಕಳಿಸಿರಿ ಎಂದು ಪ್ರವಾದಿಗಳು ಹೇಳಿದರು. ಅಂದಿನಿಂದ ಸಾವಾದ ಮನೆಗೆ ನೆರೆಹೊರೆಯವರು ಊಟ ಒಯ್ಯುವ ರೂಢಿ ಬೆಳೆಯಿತು. ಸಾವಿನ ಮನೆಯಲ್ಲಿ ಒಲೆ ಹೊತ್ತಿಸಬಾರದೆಂಬ ನಮ್ಮ ಕಡೆಯ ಕಟ್ಟಳೆಯೂ ಅದೇ. ರೊಟ್ಟಿಯ ಬುಟ್ಟಿ ಯಾವ ಮನೆಯಿಂದ ಬಂದಿತೆಂದು ಆ ದಿನ ಯಾರೂ ವಿಚಾರಿಸುವುದಿಲ್ಲ.